ದೇವರಿಗೂ ದಣಿವಾಗುತ್ತದೆಯೇ?

ಪ್ರಶ್ನೆ: ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿಕೊಂಡರು ಎಂದು ಓದಿದ್ದೇನೆ. ಸರ್ವಶಕ್ತರಿಗೂ ದಣಿವಾಗುತ್ತದೆಯೇ? ಯೆಹೂದ್ಯರು ವಾರಕ್ಕೊಂದು ದಿನ ಸಬ್ಬತ್ ಎಂಬ ವಿಶ್ರಾಂತಿಯ ದಿನ ಆಚರಿಸುವುದು ಅದರ ನೆನಪಿಗಾಗಿ ಮಾತ್ರವೇ?

ಉತ್ತರ: ದಣಿವಿನ ಪ್ರಶ್ನೆಗೆ ಬೈಬಲಿನ ಯೆಶಾಯನ ಗ್ರಂಥದ 40ನೇ ಅಧ್ಯಾಯದಲ್ಲೇ ನೇರ ಉತ್ತರವಿದೆ: ದೇವರು ದಣಿಯುವುದೂ ಇಲ್ಲ, ಬಳಲುವುದೂ ಇಲ್ಲ. ಸೃಷ್ಟಿಯ ಕಥೆಯಿರುವ ಆದಿಕಾಂಡದಲ್ಲಿ ಕೆಲಸ ನಿಲ್ಲುವುದು ಅದು ಪೂರ್ತಿಯಾದ್ದರಿಂದ. ಆಮೇಲೆ ಆ ದಿನವನ್ನೇ ಹರಸಿ ಪವಿತ್ರ ಮಾಡಿದರು ಎಂದಿದೆ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ದೇವರು ಕೊಟ್ಟ ಹತ್ತು ಆಜ್ಞೆಗಳ ಪಟ್ಟಿ ಯೆಹೂದ್ಯ ಶಾಸ್ತ್ರದಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಕಾಂಡದ 20ನೇ ಅಧ್ಯಾಯ ಸಬ್ಬತ್ತಿಗೆ ಕೊಡುವ ಕಾರಣ ಸೃಷ್ಟಿ. ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ, ಜನರನ್ನು ಈಜಿಪ್ಟಿನಿಂದ ಬಿಡಿಸಿ ತಂದ ನಾಯಕ ಮೋಶೆ ಅದೇ ಆಜ್ಞೆಯನ್ನು ಮತ್ತೆ ಹೇಳುವಾಗ ಕಾರಣ ಬದಲಾಗುತ್ತದೆ: ಈಜಿಪ್ಟಿನಲ್ಲಿ ನೀವೂ ಗುಲಾಮರಾಗಿದ್ದಿರಿ, ನೆನಪಿರಲಿ. ಹಾಗಾಗಿ ಮಗ, ಮಗಳು, ಆಳು, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ, ಯಾರಿಂದಲೂ ಅಂದು ಕೆಲಸ ಮಾಡಿಸಬಾರದು. ಯಜಮಾನನಿಗೆ ಸಿಗುವಂಥದೇ ವಿಶ್ರಾಂತಿ ಆಳಿಗೂ ಸಿಗಬೇಕು ಎಂದು ಅಲ್ಲಿ ಬಿಡಿಸಿ ಹೇಳಿದೆ.

ಆ ಗುಲಾಮಗಿರಿ ಎಂಥದ್ದು ಎಂದು ತಿಳಿಯಲು ವಿಮೋಚನಕಾಂಡದ 5ನೇ ಅಧ್ಯಾಯ ಓದಿ. ಯೆಹೂದ್ಯರ ಪೂರ್ವಜರಾದ ಇಸ್ರಾಯೇಲ್ಯರು ಇಟ್ಟಿಗೆ ಕೊಯ್ಯುತ್ತಿದ್ದರು. ಮಣ್ಣಿಗೆ ಬೆರೆಸುವ ಹುಲ್ಲನ್ನು ಇನ್ನು ನೀವೇ ಹುಡುಕಿ ತನ್ನಿ, ಆದರೆ ದಿನದ ಲೆಕ್ಕದಲ್ಲಿ ಒಂದು ಇಟ್ಟಿಗೆಯೂ ಕಡಿಮೆಯಾಗಕೂಡದು ಎಂದು ಈಜಿಪ್ಟಿನ ರಾಜ ಫರೋಹ ಅಪ್ಪಣೆ ಮಾಡುತ್ತಾನೆ. ಲೆಕ್ಕ ತುಂಬದಿದ್ದಾಗ ಏಟು ಬಿದ್ದದ್ದು ಅವರದೇ ಜನರಾದ ಮೇಸ್ತ್ರಿಗಳಿಗೆ. ಜನರಿಗೆ ಕೆಲಸ ಬಿಡಿಸುತ್ತಿದ್ದೀರಿ ಎಂಬುದೇ ಮೋಶೆ ಮತ್ತು ಅವನ ಅಣ್ಣ ಆರೋನರ ಮೇಲೆ ಫರೋಹನ ಸಿಟ್ಟು.

ಹೀಗೆ ಬಿಡುವೆಂಬುದೇ ಕಾಣದವರಿಗೆ ಸಬ್ಬತ್ತಿನ ಮೊದಲ ಪಾಠ ಸಿಕ್ಕಿದ್ದು ಊಟದ ವಿಷಯದಲ್ಲಿ, ಹತ್ತು ಆಜ್ಞೆಗಳಿಗೂ ಮುಂಚೆ. ಈಜಿಪ್ಟಿನಿಂದ ಹೊರಬಂದ ಮೇಲೆ ಮರುಭೂಮಿಯಲ್ಲಿ ಬೆಳಗಾದರೆ ದೇವರು ಕೊಡುವ ಮನ್ನ ಎಂಬ ಆಹಾರ ಬೀಳುತ್ತಿತ್ತು. ನಾಳೆಗಿರಲಿ ಎಂದು ಎತ್ತಿಟ್ಟರೆ ಹುಳ ಬಿದ್ದು ನಾರುತ್ತಿತ್ತು. ಆರನೆಯ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಮರುದಿನಕ್ಕೂ ಕೆಡುತ್ತಿರಲಿಲ್ಲ. ಆದರೂ ಕೆಲವರು ಏಳನೆಯ ದಿನ ಹುಡುಕಿಕೊಂಡು ಹೋಗಿ ಬರಿಗೈಯಲ್ಲಿ ಬಂದರು. ಒಂದು ದಿನ ದುಡಿಯದಿದ್ದರೂ ಹೊಟ್ಟೆಗೆ ಕಡಿಮೆಯಾಗದು ಎಂದು ನಂಬುವುದು ಅಷ್ಟು ಸುಲಭವಲ್ಲ.

ಉಳುಮೆಯ ಕಾಲವಿರಲಿ, ಸುಗ್ಗಿಯಿರಲಿ, ನಿಲ್ಲಿಸಲೇಬೇಕು ಎನ್ನುತ್ತದೆ ವಿಮೋಚನಕಾಂಡದ 34ನೇ ಅಧ್ಯಾಯ. ಬೆಳೆ ಕೊಯ್ಲಿಗೆ ಬಂದಾಗ ಕೈಕಟ್ಟಿ ಕೂರುವುದು ಎಷ್ಟು ಕಷ್ಟ ಎಂಬುದು ರೈತರಿಗೆ ಗೊತ್ತು. ವರ್ತಕರಿಗೂ ಇದು ಭಾರವೇ ಆಗಿತ್ತು. ಸಬ್ಬತ್ ಯಾವಾಗ ಮುಗಿಯುತ್ತದೆ, ಅಳತೆ ಕಿರಿದು ಮಾಡಿ ಗೋಧಿ ಮಾರೋಣ ಎಂದು ಕಾಯುವವರನ್ನು ಪ್ರವಾದಿ ಆಮೋಸ ಕಟುವಾಗಿ ಬೈಯುತ್ತಾನೆ.

ಈ ನಿಯಮ ಭೂಮಿಗೂ ಉಂಟು. ಏಳನೆಯ ವರ್ಷ ಹೊಲ ಬಿತ್ತಬಾರದು, ದ್ರಾಕ್ಷಿತೋಟ ಸವರಬಾರದು ಎನ್ನುತ್ತದೆ ಯಾಜಕಕಾಂಡದ 25ನೇ ಅಧ್ಯಾಯ. ಆ ವರ್ಷ ತಾನಾಗಿ ಬೆಳೆದದ್ದರಲ್ಲಿ ಒಡೆಯನ ಜೊತೆ ಆಳಿಗೂ ಕೂಲಿಯವನಿಗೂ ಪರದೇಶಿಗೂ ಕಾಡುಮೃಗಗಳಿಗೂ ಪಾಲಿದೆ.