ಸಿ4 ಆಡಿದರೆ ಸೇಫ್ ಅಂತೀರಾ?

ಚೆಸ್ ಟೀಮ್ ಲೀಗ್ ಹತ್ತಿರ ಬಂದರೆ ಸಾಕು, ನನ್ನ ಹತ್ತಿರ ಕಲಿಯುವವರಲ್ಲಿ ಕೆಲವರು ಬಿಳಿ ಕಾಯಿಯಲ್ಲಿ ಮೊದಲ ನಡೆಗೆ ಸಿ4 ಇಲ್ಲವೇ ಬಿ3 (ಅಂದರೆ ಆ ಮನೆಗೆ ಕಾಲಾಳು ತಳ್ಳುವುದು) ಹಿಡಿದುಕೊಳ್ಳುತ್ತಾರೆ. ಯಾಕೆ ಅಂದರೆ, "ಸೇಫ್ ಅಲ್ವಾ ಸರ್, ಡ್ರಾ ಆದ್ರೂ ಸಿಗುತ್ತೆ" ಅನ್ನುತ್ತಾರೆ. ಎದುರಾಳಿ ನಡುವಿನ ಇ4ಗೆ ಓದಿಕೊಂಡು ಬಂದದ್ದೆಲ್ಲ ದಂಡ, ಅಷ್ಟು ನಿಜ. ಸೇಫ್ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬದಿಯಿಂದ ಶುರು ಮಾಡಿದವರು ನಡುವಿನ ಜಗಳವನ್ನು ಮುಂದಕ್ಕೆ ಹಾಕಿರುತ್ತಾರೆ, ತಪ್ಪಿಸಿಕೊಂಡಿರುವುದಿಲ್ಲ.

ಇದಕ್ಕೆ ನಾನು ತೋರಿಸುವ ಆಟ 1970ರದ್ದು. ಬೆಲ್‌ಗ್ರೇಡ್‌ನಲ್ಲಿ ಸೋವಿಯತ್ ಒಕ್ಕೂಟಕ್ಕೂ ಉಳಿದ ವಿಶ್ವಕ್ಕೂ ಪಂದ್ಯ. ಹತ್ತು ಬೋರ್ಡ್, ನಾಲ್ಕು ಸುತ್ತು. ಎರಡನೇ ಸುತ್ತು, ಮೊದಲ ಬೋರ್ಡ್: ಬಿಳಿಯಲ್ಲಿ ಡೆನ್ಮಾರ್ಕಿನ ಬೆಂಟ್ ಲಾರ್ಸೆನ್, ಕಪ್ಪಿನಲ್ಲಿ ಆಗಿನ ವಿಶ್ವ ಚಾಂಪಿಯನ್, ಸೋವಿಯತ್‌ನ ಬೋರಿಸ್ ಸ್ಪಾಸ್ಕಿ. ಲಾರ್ಸೆನ್ ಬಿ3 ಇಂದ ಶುರು ಮಾಡಿದರು, ಮೂರನೇ ನಡೆಗೆ ಸಿ4. ಅಲ್ಲಿವರೆಗೆ ತೊಂದರೆಯಿಲ್ಲ.

ನಾಲ್ಕನೇ ನಡೆಗೆ ಕುದುರೆ ಎಫ್3ಕ್ಕೆ ಬಂತು. ಸ್ಪಾಸ್ಕಿ ಇ4 ತಳ್ಳಿದರು. ಕುದುರೆ ಡಿ4ಕ್ಕೆ ಹೋಯಿತು, ಆಮೇಲೆ ಸಿ6ರಲ್ಲಿದ್ದ ಕುದುರೆಯನ್ನು ಹೊಡೆಯಿತು. ಲೆಕ್ಕ ಹಾಕಿ: ಮೂರು ಸಲ ನಡೆದ ಕುದುರೆ ಕೊಟ್ಟು, ಒಂದೇ ಸಲ ನಡೆದ ಕುದುರೆಯನ್ನು ತೆಗೆದುಕೊಂಡರು. ಸ್ಪಾಸ್ಕಿ ಡಿ ಕಾಲಾಳಿನಲ್ಲಿ ತಿರುಗಿ ಹೊಡೆದು ಒಂಟೆಗೂ ದಾರಿ ಬಿಡಿಸಿಕೊಂಡರು, ಒಂಬತ್ತನೇ ನಡೆಗೆ ರಾಣಿ ಕಡೆ ಕ್ಯಾಸಲಿಂಗ್ (ರಾಜನನ್ನು ಬದಿಗೆ ಭದ್ರವಾಗಿ ಸೇರಿಸುವ ನಡೆ) ಕೂಡ ಆಯಿತು. ಬಿಳಿ ರಾಜ ಇನ್ನೂ ನಡುವಿನಲ್ಲೇ.

ಅಷ್ಟರ ಮೇಲೆ ಲಾರ್ಸೆನ್ ಎಫ್4 ಆಡಿದರು. ಕಪ್ಪು ಕುದುರೆ ಜಿ4ಕ್ಕೆ ಹಾರಿತು. ಅದನ್ನು ಓಡಿಸೋಣ ಅಂತ ಎಚ್3 ತಳ್ಳಿದರೆ, ಸ್ಪಾಸ್ಕಿ ಕುದುರೆಯನ್ನು ಬಿಟ್ಟುಕೊಟ್ಟು ಎಚ್4 ತಳ್ಳಿದರು, ಆ ಕಾಲಾಳು ಹೊಡೆದು ಜಿ3ಕ್ಕೆ ಬಂತು. ಹದಿನಾಲ್ಕನೇ ನಡೆಗೆ ಆನೆಯನ್ನೇ ಎಚ್1ರಲ್ಲಿ ಸುಮ್ನೆ ಇಟ್ಟುಬಿಟ್ಟರು! ಬಿಳಿ ಆನೆ ಅದನ್ನು ಹೊಡೆಯಿತು, ಆ ಕಪ್ಪು ಕಾಲಾಳು ಜಿ2ಕ್ಕೆ ಬಂತು. ಹದಿನೇಳನೇ ನಡೆಗೆ ಅದೇ ಕಾಲಾಳು ಎಫ್1ರಲ್ಲಿ ಆನೆ ಹೊಡೆದು ರಾಣಿಯಾಯಿತು. ಲಾರ್ಸೆನ್ ಸೋಲೊಪ್ಪಿದರು.

ಪಂದ್ಯ ಮುಗಿದಾಗ ಸ್ಕೋರು 20.5–19.5, ಸೋವಿಯತ್ ಪರವಾಗಿ. ಡ್ರಾಗೆ ಇಬ್ಬರಿಗೂ ಅರ್ಧರ್ಧ ಅಂಕ; ಆ ಒಂದು ಆಟ ಡ್ರಾ ಆಗಿದ್ದರೆ 20–20. (ಲಾರ್ಸೆನ್ ಮೇಲೆ ಕೋಪ ಬೇಡ. ಮುಂದಿನ ಸುತ್ತಿನಲ್ಲಿ ಸ್ಪಾಸ್ಕಿಯನ್ನೇ ಸೋಲಿಸಿದರು.)

ಬಿ3 ಕೆಟ್ಟದ್ದೇನಲ್ಲ. ನಾಲ್ಕನೇ ನಡೆಯಲ್ಲಿ ಕುದುರೆಯ ಬದಲು ಇ3 ಆಡಿ. ಎಫ್3ರಲ್ಲಿ ಕುದುರೆಯೇ ಇಲ್ಲದಿದ್ದರೆ ಇ4 ತಳ್ಳಿ ಓಡಿಸುವುದು ಯಾರನ್ನು? ಡ್ರಾ ವಿಷಯ ಕ್ಯಾಪ್ಟನ್‌ಗೆ ಬಿಡಿ. ಪಕ್ಕದ ಬೋರ್ಡ್‌ಗಳನ್ನು ನೋಡಿಕೊಂಡು ಡ್ರಾ ಕೇಳು ಅಂತ ಹೇಳುವುದಕ್ಕೆ ಹಲವು ಲೀಗ್‌ಗಳಲ್ಲಿ ಅವರಿಗೆ ಅವಕಾಶವಿದೆ. ನಿಮ್ಮ ಬೋರ್ಡಿನಲ್ಲಿ ಏನಾಗುತ್ತಿದೆ ಅನ್ನುವುದರ ಬಗ್ಗೆ ಮಾತ್ರ ಅವರು ತುಟಿ ಬಿಚ್ಚುವಂತಿಲ್ಲ.