ಕುಡಿದು ಗಾಡಿ ಓಡಿಸಿ ಒಬ್ಬರಿಗೆ ಗಾಯ ಮಾಡಿದರೆ ಯಾವ ಯಾವ ಕಲಂ?

ಹಗಲು ಕೆಲಸ, ಸಂಜೆ ಲಾ ಕಾಲೇಜು ಅಂತ ಮುಂಬಯಿಯಲ್ಲಿ ಓಡಾಡುವ ನಮ್ಮ ಕನ್ನಡದ ಗೆಳೆಯರಿಗಾಗಿ ಬರೆದ ಟಿಪ್ಪಣಿ ಇದು. ಪ್ರಶ್ನೆ ಹೀಗೆ ಬಂತು ಅಂದುಕೊಳ್ಳಿ.

ರಾತ್ರಿ ಒಂದೂವರೆ ಗಂಟೆ. ಘಾಟ್ಕೋಪರ್‌ನ ಎಲ್‌ಬಿಎಸ್ ರಸ್ತೆ. ಹೋಟೆಲ್ ಬಾಗಿಲು ಹಾಕಿದ ಮೇಲೆ ಕುಂದಾಪುರದ ಸಪ್ಲೈಯರ್ ಹುಡುಗ ಫುಟ್‌ಪಾತ್ ಮೇಲೆ ರೂಮಿಗೆ ನಡೆದು ಹೊರಟಿದ್ದಾನೆ. ಪಾರ್ಟಿ ಮುಗಿಸಿ ಬಂದ ಕಾರೊಂದು ಫುಟ್‌ಪಾತ್ ಹತ್ತಿ ಅವನಿಗೆ ಬಡಿಯುತ್ತದೆ. ಮೊಣಕಾಲ ಕೆಳಗಿನ ಮೂಳೆ ಮುರಿಯುತ್ತದೆ. "ನೀನು ಓಡಿಸಬೇಡ ಮಾರಾಯ, ರಿಕ್ಷಾ ಹಿಡಿ" ಅಂತ ಗೆಳೆಯ ಹೇಳಿದ್ದರೂ ಚಾಲಕ ಕೇಳಿರಲಿಲ್ಲ. ರಕ್ತದಲ್ಲಿ 100 ಮಿಲಿಲೀಟರಿಗೆ 96 ಮಿಲಿಗ್ರಾಂ ಆಲ್ಕೋಹಾಲ್. ಆರೋಪಗಳು ಯಾವುವು?

ತುಂಬಾ ಜನ ಇಲ್ಲೇ ಎಡವುತ್ತಾರೆ. 'ಕುಡಿದು ಓಡಿಸಿ ಗಾಯ ಮಾಡುವುದು' ಅನ್ನುವ ಒಂದೇ ಕಲಂ ಎಲ್ಲೋ ಇರಬೇಕು ಅಂತ ಹುಡುಕುತ್ತಾರೆ. ಅದು ಇಲ್ಲ. ಕುಡಿತ ಮೋಟಾರು ವಾಹನ ಕಾಯ್ದೆಯಲ್ಲಿದೆ, ಗಾಯ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಎರಡಕ್ಕೂ ಬೇರೆ ಬೇರೆ ಆರೋಪ ಹೊರಿಸಬೇಕು, ಬೇರೆ ಬೇರೆ ಸಾಕ್ಷ್ಯ ಕೊಡಬೇಕು. ಕೇಸು ಎಷ್ಟು ದೊಡ್ಡದಾಗುತ್ತದೆ ಅನ್ನುವುದು ಎಷ್ಟು ಪೆಗ್ ಕುಡಿದ ಅನ್ನುವುದರ ಮೇಲೆ ನಿಂತಿಲ್ಲ. ಗಾಯ ಎಂಥದ್ದು, ಚಾಲಕನಿಗೆ ಏನು ಗೊತ್ತಿತ್ತು, ಈ ಎರಡರ ಮೇಲೆ ನಿಂತಿದೆ.

ಮೊದಲು ತಾರೀಖು ನೋಡಿ. 2024ರ ಜುಲೈ 1ಕ್ಕೆ ಮುಂಚಿನ ಘಟನೆಗೆ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ), ಆಮೇಲಿನದಕ್ಕೆ ನ್ಯಾಯ ಸಂಹಿತೆ. ಪುಣೆಯ ಕಲ್ಯಾಣಿ ನಗರದ ಪೋರ್ಷೆ ಅಪಘಾತ ಆದದ್ದು 2024ರ ಮೇ 19ರಂದು. ಹಾಗಾಗಿ ಅದಕ್ಕೆ ಐಪಿಸಿ. ವಿಚಾರಣೆ ಯಾವಾಗ ನಡೆಯಿತು ಅನ್ನುವುದು ಮುಖ್ಯ ಅಲ್ಲ.

ಈಗ ಕುಡಿತದ ಭಾಗ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ. ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ, ದಂಡ 15,000. ಯಾರಿಗೂ ಗಾಯ ಆಗದಿದ್ದರೂ ಈ ಅಪರಾಧ ಪೂರ್ತಿಯಾಗಿದೆ. ನಾಕಾಬಂದಿಯಲ್ಲಿ ಊದಿ ಸಿಕ್ಕಿದವನ ಮೇಲೂ ಇದೇ ಕಲಂ.

ಆದರೆ 30 ದಾಟಿದೆ ಅಂತ ತೋರಿಸುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಕೇಸುಗಳು ಬಿದ್ದುಹೋಗುವುದು ಇಲ್ಲೇ. ಬ್ರೆತ್ ಅನಲೈಸರ್ ಅಥವಾ ಲ್ಯಾಬ್ ಪರೀಕ್ಷೆಯಲ್ಲಿ ಅದು ಪತ್ತೆಯಾಗಿರಬೇಕು ಅಂತ ಕಲಮೇ ಹೇಳುತ್ತದೆ. ಬಾಯಿ ವಾಸನೆ, ತೂರಾಟ, ತೊದಲು ಮಾತು ಇಷ್ಟರ ಮೇಲೆ ವೈದ್ಯರು ಕೊಟ್ಟ ಅಭಿಪ್ರಾಯ ಸಾಲದು ಅಂತ 1971ರಲ್ಲೇ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಟ್ಟುಬಿಡಬೇಕು ಅಂತ 202ನೇ ಕಲಂ. ಈ ಅವಸರಕ್ಕೆ ಕಾರಣ ಇದೆ. ರಕ್ತದ ಆಲ್ಕೋಹಾಲ್ ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂ ಇಳಿಯುತ್ತಾ ಹೋಗುತ್ತದೆ. ಅಪಘಾತದ ಹೊತ್ತಿಗೆ 60 ಇದ್ದದ್ದು ಎರಡು ಗಂಟೆಯಲ್ಲೇ ಮಿತಿಯೊಳಗೆ ಬರಬಹುದು.

ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು. ಸ್ಪಿರಿಟ್‌ನಲ್ಲೂ ಆಲ್ಕೋಹಾಲ್ ಇದೆಯಲ್ಲ, ಒರೆಸಿದರೆ ಆರೋಪಿಯ ವಕೀಲರಿಗೆ ಅದೊಂದೇ ಸಾಕು. ಬಾಟಲಿಗೆ ಸೋಡಿಯಂ ಫ್ಲೋರೈಡ್ ಹಾಕಿರಬೇಕು, ರಕ್ತ ಕೆಡದಿರಲಿ ಅಂತ. ಸೀಲು, ಸಹಿ, ಠಾಣೆಯಿಂದ ಕಲೀನಾದ ಪ್ರಯೋಗಾಲಯದವರೆಗೆ ಯಾರು ಒಯ್ದರು, ಎಲ್ಲಿ ಇಟ್ಟರು ಅನ್ನುವ ದಾಖಲೆ, ಎಲ್ಲವೂ ಕೊಂಡಿ ತಪ್ಪದೆ ಇರಬೇಕು. ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಕಾರು ಹರಿದ 2002ರ ಬಾಂದ್ರಾ ಘಟನೆಯಲ್ಲಿ ನಟ ಸಲ್ಮಾನ್ ಖಾನ್‌ಗೆ 2015ರ ಮೇ ತಿಂಗಳಲ್ಲಿ ಸೆಷನ್ಸ್ ಕೋರ್ಟು 5 ವರ್ಷ ಶಿಕ್ಷೆ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಹೈಕೋರ್ಟು ಖುಲಾಸೆ ಮಾಡಿತು. ಅವರೇ ಓಡಿಸುತ್ತಿದ್ದರು, ಕುಡಿದಿದ್ದರು ಅನ್ನುವ ಎರಡೂ ಸಾಬೀತಾಗಲಿಲ್ಲ ಅನ್ನುವುದು ಕಾರಣ. ಪುಣೆಯ ಪ್ರಕರಣದಲ್ಲಂತೂ ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು. ಕಾನೂನಿನ ಪುಸ್ತಕಕ್ಕಿಂತ ಈ ಬಾಟಲಿಯ ಪಯಣವೇ ಜಾಸ್ತಿ ಕಲಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಗಾಯದ ಭಾಗಕ್ಕೆ ಬರೋಣ. ಸಾರ್ವಜನಿಕ ರಸ್ತೆಯಲ್ಲಿ ಜನರ ಜೀವಕ್ಕೆ ಅಪಾಯ ಆಗುವಂತೆ ಓಡಿಸಿದ್ದಕ್ಕೆ ನ್ಯಾಯ ಸಂಹಿತೆಯ 281ನೇ ಕಲಂ (ಐಪಿಸಿಯ ಹಳೆಯ 279). 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದರ ಜೊತೆ 125ನೇ ಕಲಂ, ಹಳೆಯ 336, 337, 338 ಮೂರನ್ನೂ ಸೇರಿಸಿದ್ದು. ಸಾದಾ ಗಾಯಕ್ಕೆ 125(ಎ): 6 ತಿಂಗಳವರೆಗೆ, ದಂಡ 5,000ದವರೆಗೆ. ತೀವ್ರ ಗಾಯಕ್ಕೆ 125(ಬಿ): 3 ವರ್ಷದವರೆಗೆ, ದಂಡ 10,000ದವರೆಗೆ.

ಹಾಗಾದರೆ ತೀವ್ರ ಗಾಯ ಯಾವುದು? ನೋವು ಜಾಸ್ತಿ ಅನ್ನಿಸಿದ ಮಾತ್ರಕ್ಕೆ ಆಗುವುದಿಲ್ಲ. 116ನೇ ಕಲಂ ಎಂಟು ಬಗೆ ಹೇಳುತ್ತದೆ. ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಅದು ತೀವ್ರ ಗಾಯ, ಬೇರೆ ವಾದ ಬೇಡ. ಜೀವಕ್ಕೇ ಅಪಾಯ ತಂದ ಗಾಯ, 15 ದಿನ ವಿಪರೀತ ನೋವಿನಲ್ಲಿ ಇರಿಸಿದ ಅಥವಾ ದಿನನಿತ್ಯದ ಕೆಲಸ ಮಾಡಲು ಬಿಡದ ಗಾಯ, ಇವು ಎಂಟನೆಯ ಬಗೆ. ಐಪಿಸಿಯಲ್ಲಿ ಇದು 20 ದಿನ ಇತ್ತು. ಹಳೆಯ ನೋಟ್ಸ್ ನೋಡಿ 20 ಅಂತ ಬರೆದು ಅಂಕ ಕಳಕೊಳ್ಳಬೇಡಿ. ನಮ್ಮ ಕುಂದಾಪುರದ ಹುಡುಗನದು ಮೂಳೆ ಮುರಿತ, ಅಂದರೆ ನೇರ 125(ಬಿ). ಎಕ್ಸ್‌ರೇ ಮತ್ತು ವೈದ್ಯರು ಕೊಡುವ ಗಾಯದ ಸರ್ಟಿಫಿಕೇಟ್ ಇಲ್ಲದೆ ಮಾತ್ರ ಇದು ನಿಲ್ಲುವುದಿಲ್ಲ.

281, 125 ಎರಡೂ ಜಾಮೀನು ಸಿಗುವ ಅಪರಾಧಗಳು. ರಾತ್ರಿ ಹಿಡಿದವನು ಬೆಳಿಗ್ಗೆ ಮನೆಗೆ ಹೋದ ಅಂತ ಜನ ಪೊಲೀಸರನ್ನು ಬಯ್ಯುತ್ತಾರಲ್ವಾ, ಎಷ್ಟೋ ಸಲ ಅದು ಪೊಲೀಸರ ಉದಾರತೆ ಅಲ್ಲ, ಕಲಮಿನ ಗುಣ.

ಇನ್ನು ದೊಡ್ಡ ಆರೋಪ. 110ನೇ ಕಲಂ (ಹಳೆಯ 308), ಕೊಲೆಯಲ್ಲದ ದಂಡನೀಯ ನರಹತ್ಯೆಯ ಪ್ರಯತ್ನ. ಗಾಯವಾಗಿದ್ದರೆ 7 ವರ್ಷದವರೆಗೆ ಶಿಕ್ಷೆ. ಜಾಮೀನು ಹಕ್ಕಾಗಿ ಸಿಗುವುದಿಲ್ಲ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಇದಕ್ಕೆ ನಿರ್ಲಕ್ಷ್ಯ ಸಾಲದು. ಸಾವು ಸಂಭವಿಸಬಹುದು ಅನ್ನುವ ಅರಿವು ಚಾಲಕನಿಗೆ ಇತ್ತು ಅಂತ ತೋರಿಸಬೇಕು. "ಅಮಲಿನಲ್ಲಿದ್ದೆ, ಏನೂ ಗೊತ್ತಾಗಲಿಲ್ಲ" ಅಂದರೆ? 24ನೇ ಕಲಂ ಬಾಗಿಲು ಹಾಕುತ್ತದೆ. ತಾನಾಗಿ ಕುಡಿದವನಿಗೆ, ಕುಡಿಯದಿದ್ದರೆ ಎಷ್ಟು ಅರಿವು ಇರುತ್ತಿತ್ತೋ ಅಷ್ಟು ಇತ್ತು ಅಂತಲೇ ಕಾನೂನು ಲೆಕ್ಕ ಹಿಡಿಯುತ್ತದೆ.

ಇಲ್ಲಿ ಓದಲೇಬೇಕಾದ್ದು 'ಅಲಿಸ್ಟರ್ ಪೆರೇರಾ ವಿರುದ್ಧ ಮಹಾರಾಷ್ಟ್ರ ಸರ್ಕಾರ' ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು. 2006ರ ನವೆಂಬರ್ 12ರ ಬೆಳಗಿನ ಜಾವ, ಬಾಂದ್ರಾದ ಕಾರ್ಟರ್ ರಸ್ತೆ. ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರರ ಮೇಲೆ ಕಾರು ಹರಿಯಿತು. 7 ಜನ ಸತ್ತರು, 8 ಜನರಿಗೆ ಗಾಯ. ಚಾಲಕನ ರಕ್ತದಲ್ಲಿ ಆಲ್ಕೋಹಾಲ್ ಶೇ. 0.112, ಅಂದರೆ 112 ಮಿಲಿಗ್ರಾಂ. ಕೆಳಗಿನ ಕೋರ್ಟು ನಿರ್ಲಕ್ಷ್ಯದ ಕಲಮಿನಲ್ಲಿ 6 ತಿಂಗಳು ಕೊಟ್ಟಿತು. ಬಾಂಬೆ ಹೈಕೋರ್ಟು ಅದನ್ನು ಐಪಿಸಿ 304ರ ಎರಡನೇ ಭಾಗಕ್ಕೆ (ಸಾವು ಆಗಬಹುದು ಅನ್ನುವ ಅರಿವಿದ್ದು ಮಾಡಿದ ದಂಡನೀಯ ನರಹತ್ಯೆ) ಏರಿಸಿ 3 ವರ್ಷ ಮಾಡಿತು, ಗಾಯಾಳುಗಳ ಲೆಕ್ಕಕ್ಕೆ 337, 338ರಲ್ಲೂ ಶಿಕ್ಷೆ ಕೊಟ್ಟಿತು. "ಒಂದೇ ಕೃತ್ಯ ಅರಿತು ಮಾಡಿದ್ದೂ ನಿರ್ಲಕ್ಷ್ಯದ್ದೂ ಹೇಗಾಗುತ್ತದೆ?" ಅನ್ನುವುದು ಆರೋಪಿಯ ವಾದ. ಚೆನ್ನಾಗೇ ಇದೆ ವಾದ. ಆದರೆ ಅಪಾಯದ ಅರಿವಿದ್ದೂ ದುಡುಕಿ ಓಡಿಸಬಹುದು, ಎರಡಕ್ಕೂ ವಿರೋಧ ಇಲ್ಲ ಅಂತ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು.

ನಮ್ಮ ಪ್ರಶ್ನೆಯಲ್ಲಿ ಸಾವಿಲ್ಲ. ಹಾಗಾಗಿ ಸರ್ಕಾರಿ ವಕೀಲರು 110 ಕೇಳಬಹುದು. ಸುಮ್ನೆ 'ಕುಡಿದಿದ್ದ' ಅಂತ ಬರೆದು ನಿಲ್ಲಿಸಬೇಡಿ. ಗೆಳೆಯ ತಡೆದದ್ದು, ಗಾಡಿ ಫುಟ್‌ಪಾತ್ ಹತ್ತಿದ್ದು, ವೇಗ, ಬ್ರೇಕಿನ ಗುರುತು ರಸ್ತೆಯಲ್ಲಿ ಇತ್ತೇ ಅನ್ನುವ ಪಂಚನಾಮೆ, ಇವನ್ನು ಅರಿವಿಗೆ ಜೋಡಿಸಿ. ನನಗೆ ಕೇಳಿದರೆ ಗೆಳೆಯನ ಆ ಒಂದು ಮಾತಿನ ತೂಕ 96 ಮಿಲಿಗ್ರಾಂಗಿಂತ ಜಾಸ್ತಿ. ಗೆಳೆಯ ಸಾಕ್ಷಿಕಟ್ಟೆಯಲ್ಲಿ ಅದನ್ನೇ ಹೇಳುತ್ತಾನಾ ಅನ್ನುವುದು ಬೇರೆ ಕತೆ.

ಚಾಲಕ ಓಡಿಹೋದರೆ ಮೋಟಾರು ಕಾಯ್ದೆಯ 134 ಮತ್ತು 187 ಕೂಡ ಬರುತ್ತವೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು, ಪೊಲೀಸರಿಗೆ ತಿಳಿಸಬೇಕು ಅನ್ನುವ ಕರ್ತವ್ಯ ಅದು. ಚಿಕಿತ್ಸೆಯಲ್ಲಿದ್ದ ಹುಡುಗ ಆ ಗಾಯದಿಂದಲೇ ತೀರಿಕೊಂಡರೆ 125(ಬಿ) ಜಾಗಕ್ಕೆ ನಿರ್ಲಕ್ಷ್ಯದಿಂದ ಸಾವಿನ 106(1), 5 ವರ್ಷದವರೆಗೆ; ಅರಿವು ತೋರಿಸಿದರೆ ದಂಡನೀಯ ನರಹತ್ಯೆಯ 105, 10 ವರ್ಷದವರೆಗೆ. ಪರಿಹಾರದ ಹಣ ಈ ಯಾವುದರಲ್ಲೂ ಇಲ್ಲ. ಅದಕ್ಕೆ ಮೋಟಾರು ಅಪಘಾತ ಕ್ಲೇಮು ನ್ಯಾಯಮಂಡಳಿಗೆ ಬೇರೆ ಅರ್ಜಿ, ಅಪಘಾತವಾದ ಆರು ತಿಂಗಳೊಳಗೆ.