ತಲಪಾಡಿ ದಾಟಿದ ಸಿಮ್ ಮತ್ತು ಎಚ್‌ಎಲ್‌ಆರ್

ಮೊಬೈಲ್ ಕಂಪನಿಯ ಪ್ರತಿ ಗ್ರಾಹಕರಿಗೂ ಹೋಮ್ ಲೊಕೇಶನ್ ರಿಜಿಸ್ಟರ್‌ನಲ್ಲಿ, ಅಂದರೆ ಎಚ್‌ಎಲ್‌ಆರ್‌ನಲ್ಲಿ, ಒಂದು ದಾಖಲೆ ಇರುತ್ತದೆ. ಫೋನ್ ನಂಬರ್, ಸಿಮ್‌ನ ಐಎಂಎಸ್‌ಐ (ಸಿಮ್‌ನ ಒಳಗಿರುವ ಗುರುತಿನ ಸಂಖ್ಯೆ), ಚಾಲೂ ಇರುವ ಸೇವೆಗಳು, ಕಾಲ್ ಫಾರ್ವರ್ಡ್ ಎಲ್ಲಿಗೆ, ಎಲ್ಲ ಅಲ್ಲೇ. ನೀವು ಎಲ್ಲಿದ್ದೀರಿ ಅನ್ನೋದು ಮಾತ್ರ ಅದಕ್ಕೆ ಅರ್ಧಂಬರ್ಧ ಗೊತ್ತು. ಸದ್ಯ ನಿಮ್ಮನ್ನು ನೋಡಿಕೊಳ್ಳುತ್ತಿರುವ ವಿಎಲ್‌ಆರ್ (ವಿಸಿಟರ್ ಲೊಕೇಶನ್ ರಿಜಿಸ್ಟರ್, ಅಂದರೆ ನೀವಿರುವ ಪ್ರದೇಶದ ತಾತ್ಕಾಲಿಕ ದಾಖಲೆ ಪುಸ್ತಕ) ಯಾವುದು ಅಂತಷ್ಟೇ ಬರೆದಿಟ್ಟುಕೊಳ್ಳುತ್ತದೆ. ಇದು ಹೇಗೆಂದರೆ, ಮಗ ಮುಂಬೈಯ ಯಾವ ಹೋಟೆಲಿನಲ್ಲಿದ್ದಾನೆ ಅಂತ ಉಡುಪಿಯ ಮನೆಯವರಿಗೆ ಗೊತ್ತು. ಈಗ ಯಾವ ಟೇಬಲ್ ಹತ್ತಿರ ಇದ್ದಾನೆ ಅಂತ ಹೋಟೆಲಿನವರನ್ನೇ ಕೇಳಬೇಕು.

2ಜಿ, 3ಜಿ ಲೆಕ್ಕದಲ್ಲಿ ನೋಡೋಣ. ಮಂಗಳೂರಿನಿಂದ ಕಾಸರಗೋಡು ಬಸ್ ಹತ್ತಿದ್ದೀರಿ. ಗಡಿಯ ತಲಪಾಡಿ ದಾಟಿದ ಮೇಲೆ ಫೋನ್ ಕೇರಳ ಸರ್ಕಲ್‌ನ ಟವರ್ ಹಿಡಿಯುತ್ತದೆ. ಅಲ್ಲಿನ ವಿಎಲ್‌ಆರ್‌ಗೆ ಬೇಕಾದ್ದು ನಿಮ್ಮ ನಂಬರ್ ಅಲ್ಲ, ಐಎಂಎಸ್‌ಐ. ಹೆಚ್ಚೆಂದರೆ 15 ಅಂಕಿ. ಬಿಎಸ್‌ಎನ್‌ಎಲ್‌ನ ಕರ್ನಾಟಕದ ಸಿಮ್ ಆದರೆ 40471, ಕೇರಳದ್ದಾದರೆ 40472 ಅಂತ ಶುರು. ಮೊದಲ ಮೂರು ಅಂಕಿ ದೇಶದ್ದು, ಮುಂದಿನ ಎರಡು ನೆಟ್‌ವರ್ಕ್‌ನದು. ಇಷ್ಟು ನೋಡಿದರೆ ಯಾವ ಎಚ್‌ಎಲ್‌ಆರ್ ಕಡೆ ಹೋಗಬೇಕು ಅಂತ ತಿಳಿಯುತ್ತದೆ.

ಮೊದಲು ಸಿಮ್ ಅಸಲಿಯೋ ನಕಲಿಯೋ ನೋಡಬೇಕು. 128 ಬಿಟ್‌ನ ಗುಟ್ಟಿನ ಕೀ ಇರುವುದು ಎರಡೇ ಕಡೆ: ಸಿಮ್‌ನಲ್ಲಿ, ಎಚ್‌ಎಲ್‌ಆರ್ ಜೊತೆಗಿರುವ ಅಥೆಂಟಿಕೇಶನ್ ಸೆಂಟರ್‌ನಲ್ಲಿ. ಕೇರಳದ ವಿಎಲ್‌ಆರ್‌ಗೆ ಆ ಕೀ ಸಿಗುವುದೇ ಇಲ್ಲ. ಒಂದು ಪ್ರಶ್ನೆ, ಅದರ ಸರಿಯುತ್ತರ ಎರಡನ್ನೂ ಅಥೆಂಟಿಕೇಶನ್ ಸೆಂಟರ್ ಲೆಕ್ಕ ಹಾಕಿ ಅದಕ್ಕೆ ಕಳಿಸುತ್ತದೆ. ಸಿಮ್‌ನ ಉತ್ತರ ತಾಳೆಯಾದರೆ ಒಳಗೆ. ಆಮೇಲೆ ಎಚ್‌ಎಲ್‌ಆರ್ ಹೊಸ ವಿಎಲ್‌ಆರ್‌ನ ವಿಳಾಸ ಬರೆದುಕೊಂಡು, ಹಳೆಯದಕ್ಕೆ ‘ಇವರನ್ನು ತೆಗೆದುಬಿಡಿ’ ಅನ್ನುತ್ತದೆ.

ಈಗ ಉಡುಪಿಯಿಂದ ಅಕ್ಕ ಫೋನ್ ಮಾಡುತ್ತಾರೆ. ಆ ಕರೆ ಮೊದಲು ತಲುಪುವ ನಿಮ್ಮ ಕಂಪನಿಯ ಗೇಟ್‌ವೇ ಸ್ವಿಚ್ ಎಚ್‌ಎಲ್‌ಆರ್ ಅನ್ನು ಕೇಳುತ್ತದೆ, ಎಚ್‌ಎಲ್‌ಆರ್ ಕೇರಳದ ವಿಎಲ್‌ಆರ್ ಅನ್ನು ಕೇಳುತ್ತದೆ. ಅದು ಆ ಒಂದು ಕರೆಗೆ ಮಾತ್ರ ತಾತ್ಕಾಲಿಕ ರೋಮಿಂಗ್ ನಂಬರ್ ಕೊಡುತ್ತದೆ. ಕರೆ ನಿಜವಾಗಿ ಹೋಗುವುದು ಆ ನಂಬರಿಗೆ. ಈ ಹಂತ ಮರೆಯಬೇಡಿ, ಇಡೀ ವಿಷಯದ ಜೀವ ಇಲ್ಲೇ ಇದೆ.

ಸಿಮ್ ಕಳೆದು ಅದೇ ನಂಬರಿಗೆ ಹೊಸದು ತಂದಾಗಲೂ ಇದೇ ದಾಖಲೆಯಲ್ಲಿ ಐಎಂಎಸ್‌ಐ ಬದಲಾಗುತ್ತದೆ. ಹಳೆ ಸಿಮ್ ಸಿಕ್ಕರೂ ಸುಮ್ನೆ ಪ್ಲಾಸ್ಟಿಕ್ ಚೂರು.

4ಜಿಯಲ್ಲಿ ಎಚ್‌ಎಲ್‌ಆರ್‌ನ ಈ ಕೆಲಸ ಎಚ್‌ಎಸ್‌ಎಸ್‌ನದು (ಹೋಮ್ ಸಬ್‌ಸ್ಕ್ರೈಬರ್ ಸರ್ವರ್), 5ಜಿಯಲ್ಲಿ ಯುಡಿಎಂನದು (ಯೂನಿಫೈಡ್ ಡೇಟಾ ಮ್ಯಾನೇಜ್‌ಮೆಂಟ್). 5ಜಿಯಲ್ಲಿ ದಾಖಲೆಗಳು ಯುಡಿಆರ್ ಅನ್ನುವ ಬೇರೆ ಭಂಡಾರದಲ್ಲಿರುತ್ತವೆ. ಯುಡಿಎಂ ಅಲ್ಲಿಂದ ಓದಿ ಕೆಲಸ ಮಾಡುತ್ತದೆ. ಡೇಟಾ ಒಂದೇ ಕಡೆ ಇದ್ದರೆ ನಿರ್ವಹಣೆ ಸುಲಭ, ಕೆಟ್ಟರೆ ಪೆಟ್ಟು ದೊಡ್ಡದು. 2012ರ ಜುಲೈಯಲ್ಲಿ ಫ್ರಾನ್ಸ್‌ನ ಆರೆಂಜ್ ಕಂಪನಿಯ ಎಚ್‌ಎಲ್‌ಆರ್ ಕೆಟ್ಟಾಗ ದೇಶದುದ್ದಕ್ಕೂ ಸೇವೆ ನಿಂತಿತು. ಟವರ್‌ಗಳು ನೆಟ್ಟಗೇ ಇದ್ದರೂ ಹೀಗಾಗುತ್ತದೆ. ರಿಪೇರಿಯಾದ ಕೂಡಲೇ ಎಲ್ಲ ಸರಿಹೋಗುವುದೂ ಇಲ್ಲ. ಲಕ್ಷಗಟ್ಟಲೆ ಫೋನ್‌ಗಳು ಒಟ್ಟಿಗೇ ನೋಂದಣಿಗೆ ನುಗ್ಗಿದರೆ ಎಚ್‌ಎಲ್‌ಆರ್ ಮತ್ತೆ ಕುಸಿಯಬಹುದು. ಅದಕ್ಕೇ ಫೋನ್‌ಗಳನ್ನು ಸ್ವಲ್ಪ ಸ್ವಲ್ಪವೇ ಒಳಗೆ ಬಿಡುತ್ತಾರೆ.